ಐವತ್ತೂ ಕಳೆದವರೇ ಇಲ್ಲಿ ಫಸ್ಟು

ಸೋಮವಾರ, ಬೆಳಿಗ್ಗೆ ಆರು ಗಂಟೆ. ಶಿವಮೊಗ್ಗದ ಕೋಟೆ ಬೀದಿಯ ಇಸ್ಪೀಟ್ ಕ್ಲಬ್ಬಿನ ಬಾಗಿಲಲ್ಲಿ, ಹಣೆಗೆ ವಿಭೂತಿ ಧರಿಸಿದ ಜಗದಾಂಬಾ ಟೀಚರ್ ಕೈಚೀಲ ಹಿಡಿದು ನಿಂತಿದ್ದಾರೆ. ಹಾಲಿನವನು ಒಮ್ಮೆ ನೋಡಿ, ಮುಂದೆ ಹೋಗಿ, ತಿರುಗಿ ಮತ್ತೊಮ್ಮೆ ನೋಡುತ್ತಾನೆ. ಕಾವಲುಗಾರ ಭೂತಪ್ಪ ಸವೆದ ಎಲೆಗಳ ಎರಡು ಕಟ್ಟು ತಂದುಕೊಡುತ್ತಾನೆ. "ನಮ್ಮ ಮೆಂಬರುಗಳೂ ಇಷ್ಟು ನಿಯತ್ತಾಗಿ ಬರಲ್ಲ ಟೀಚರೇ," ಎಂದು ಅವನ ಕೀಟಲೆ.

ಅಲ್ಲಿಂದ ಬಸ್ಸು ಹಿಡಿದು ಭದ್ರಾವತಿಗೆ. ಕಾರ್ಖಾನೆ ಕಾರ್ಮಿಕರ ಮಕ್ಕಳು ಓದುವ ಪುಟ್ಟ ಸರ್ಕಾರಿ ಶಾಲೆಯಲ್ಲಿ ಅವರದು ಇಪ್ಪತ್ತೊಂದು ವರ್ಷದ ಸರ್ವೀಸು. ಬಂದವರೇ ಎಲೆಗಳಿಂದ ರಾಜ, ರಾಣಿ, ಗುಲಾಮರನ್ನು ಹೊರಗೆ ಹಾಕುತ್ತಾರೆ. ಆಟ ಸರಳ. ಮಕ್ಕಳು ಸ್ಲೇಟಿನಲ್ಲಿ ಐವತ್ತು ಬರೆದುಕೊಂಡು, ಎಲೆ ಎತ್ತಿ, ಬಂದ ಸಂಖ್ಯೆಯನ್ನು ಕಳೆಯುತ್ತಾ ಹೋಗಬೇಕು. ಮೊದಲು ಸೊನ್ನೆ ಮುಟ್ಟಿದವರು ಗೆದ್ದರು. "ಕೂಡೋದು ಹೇಗೋ ಬರುತ್ತೆ ಕಣ್ರೀ. ಕಳೆಯೋ ಲೆಕ್ಕ ಅಂದ್ರೆ ಅರ್ಧ ಕ್ಲಾಸಿಗೆ ಹೊಟ್ಟೆನೋವು ಬರ್ತಿತ್ತು," ಎನ್ನುತ್ತಾರೆ. ನನ್ನನ್ನೂ ಒಂದಾಟ ಆಡಿಸಿದರು. ಫಲಿತಾಂಶ ಓದುಗರಿಗೆ ಬೇಡ.

ಎಡವಟ್ಟು ಮಾಡಿದ್ದು ಆ 'ಕಳೆಯೋ' ಪದವೇ. ಈ ಜೂನ್‌ನಲ್ಲಿ ಆಟ ಶುರುವಾದ ವಾರವೇ ಮೂರನೇ ಕ್ಲಾಸಿನ ಇಂಪನಾ ಮನೆಗೆ ಹೋಗಿ, "ಅಪ್ಪಾ, ಇವತ್ತು ಇಸ್ಪೀಟಲ್ಲಿ ಐವತ್ತೂ ಕಳೆದೆ," ಎಂದು ಕುಣಿದಳು. ಅಪ್ಪ ಪ್ರಕಾಶ್ ಮೊದಲು ತನ್ನ ಜೇಬು ಮುಟ್ಟಿ ನೋಡಿಕೊಂಡ. ಮಾರನೇ ದಿನಕ್ಕೆ ಹನ್ನೆರಡು ಮನೆಗಳವರು ಸಹಿ ಹಾಕಿದ ದೂರು ತಯಾರು. ಅದು ಮೇಲಿನ ಕಚೇರಿ ತಲುಪಿದರೆ ಎಲೆಗಳ ಜೊತೆ ಟೀಚರೂ ಎತ್ತಂಗಡಿ.

ದೂರು ಹಿಡಿದು ಶಾಲೆಗೆ ಬಂದ ಪ್ರಕಾಶ್‌ಗೆ, "ಇದನ್ನ ಕಚೇರಿಗೆ ಕೊಡೋಕೆ ಮುಂಚೆ ಒಂದಾಟ ಆಡಿ," ಎಂದರು ಟೀಚರ್. ಪ್ರಕಾಶ್ ಮಗಳೆದುರು ಕೂತ. ಏಳರ ಎಲೆ ಬಂತು. "ನಲವತ್ನಾಲ್ಕು," ಎಂದ ಧೈರ್ಯವಾಗಿ.

"ನಲವತ್ಮೂರು ಕಣಪ್ಪಾ," ಎಂದಳು ಮಗಳು, ಇಡೀ ಕ್ಲಾಸಿನ ಮುಂದೆ.

ಪೆನ್ನು ತೆಗೆದು ತನ್ನ ಸಹಿಯ ಮೇಲೆ ಗೀಟು ಎಳೆದ. "ನಂದು ಕಳೆದ್ರೂ ಇನ್ನೂ ಹನ್ನೊಂದು ಇವೆ ಮೇಡಂ."

"ಈ ಲೆಕ್ಕ ಸರಿ ಮಾಡಿದ್ರಿ," ಎಂದರಂತೆ ಟೀಚರ್.

ಅಂದಿನಿಂದ ಪ್ರತಿ ಶನಿವಾರ ಸಹಿ ಹಾಕಿದ ಒಬ್ಬರಿಗೆ ಆಟಕ್ಕೆ ಕರೆ. ಹತ್ತು ಸಹಿಗಳು ಹೀಗೇ ಹೋದವು. ಉಳಿದದ್ದು ಒಂದು ಹೆಬ್ಬೆಟ್ಟು. ಒಬ್ಬ ವಿದ್ಯಾರ್ಥಿಯ ಅಜ್ಜಿ ದ್ಯಾಮಮ್ಮನದು. ಎರಡು ತಿಂಗಳಿಂದ ಒಂದು ಶನಿವಾರವೂ ತಪ್ಪಿಸದೆ ಬರುವ ಈ ಅಜ್ಜಿ ಬಾಯಿಲೆಕ್ಕದಲ್ಲೇ ಮಕ್ಕಳನ್ನೆಲ್ಲ ಸೋಲಿಸುತ್ತಾರೆ. ಹೆಬ್ಬೆಟ್ಟು ಹಿಂದಕ್ಕೆ ಪಡೆಯಲು ಮಾತ್ರ ಒಲ್ಲರು, ದೂರನ್ನು ಹರಿಯಲೂ ಬಿಡರು. "ಹರಿದ್ರೆ ಮುಂದಿನ ಶನಿವಾರ ನನ್ನನ್ಯಾರು ಕರೀತಾರೆ ಮಾರಾಯ್ತಿ?" ಎಂಬುದು ಅವರ ವಾದ.

ಕೆಲಸಕ್ಕೆ ಕುತ್ತು ತರುವ ಕಾಗದ ಹಾಗೇ ಇದೆಯಲ್ಲ, ಭಯವಿಲ್ಲವೇ ಎಂದು ಕೇಳಿದೆ. ಟೀಚರ್ ಎಲೆಗಳನ್ನು ಕಲೆಸುತ್ತಲೇ ಹೇಳಿದರು: "ಇರ್ಲಿ ಬಿಡಿ. ಅಜ್ಜಿಗೆ ಸಹಿ ಮಾಡೋದು ಕಲಿಸ್ತಿದೀನಿ. ಆ ಹೆಬ್ಬೆಟ್ಟಿನ ಪಕ್ಕ ದ್ಯಾಮಮ್ಮ ಅಂತ ಬರೆದ ದಿನ, ದೂರನ್ನ ನಾನೇ ತಗೊಂಡು ಹೋಗಿ ಕಚೇರೀಲಿ ಕೊಟ್ಟು ಬರ್ತೀನಿ. ಇಸ್ಪೀಟು ಏನೇನು ಕಲಿಸುತ್ತೆ ಅಂತ ಅವರೂ ನೋಡ್ಲಿ."