ಖಾಲಿ ಕೊಡಬಾರದ ಡಬ್ಬ

ಸ್ವೀಡನ್ನಿನ ಲುಂಡ್‌ನಲ್ಲಿ ಮಗಳ ಫ್ಲ್ಯಾಟಿನ ಎದುರು ಬಾಗಿಲಲ್ಲಿ ಒಬ್ಬ ಅಮೆರಿಕನ್ ಬಡಗಿ ಇದ್ದರು. ನನಗಿಂತ ಏಳೆಂಟು ವರ್ಷ ಚಿಕ್ಕವರು, ಆದರೆ ಗಡ್ಡ ಪೂರ್ತಿ ಬೆಳ್ಳಗೆ. ಮೊಮ್ಮಗಳನ್ನು ನೋಡಿಕೊಳ್ಳಲೆಂದು ನಾನು ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ ಅವರನ್ನು ಒಂದೇ ವಿಷಯ ತಿನ್ನುತ್ತಿತ್ತು. ಮಿನ್ನೆಸೋಟದಲ್ಲಿ ಅವರ ಅಣ್ಣ ಹಾಸಿಗೆ ಹಿಡಿದಿದ್ದರು. ಅಣ್ಣತಮ್ಮಂದಿರು ಮಾತು ಬಿಟ್ಟು ಮೂವತ್ತು ವರ್ಷಗಳ ಮೇಲಾಗಿತ್ತು. ಫೋನ್ ಮಾಡುವುದೋ ಬೇಡವೋ ಎಂಬುದು ಇವರಿಗೆ ತೀರ್ಮಾನವಾಗುತ್ತಿರಲಿಲ್ಲ. ಇಷ್ಟೆಲ್ಲ ನನಗೆ ತಿಳಿದದ್ದು ಒಂದು ಸ್ಟೀಲ್ ಡಬ್ಬದ ದೆಸೆಯಿಂದ.

ಅಲ್ಲಿ ಮಕ್ಕಳ ಶಾಲೆಗೆ ದಾಗಿಸ್ ಅನ್ನುತ್ತಾರೆ. ದಾಗಿಸ್‌ನಿಂದ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕರೆತರುತ್ತಿದ್ದೆ. ಒಂದು ದಿನ ಹಿಮಗಟ್ಟಿದ ಮೆಟ್ಟಿಲ ಕೆಳಗೆ ನಾನು ದಿಕ್ಕುಗಾಣದೆ ನಿಂತಿದ್ದಾಗ ಅವರು ಬಂದು ಗಾಡಿಯನ್ನು ಮಗುವಿನ ಸಮೇತ ಎತ್ತಿ ಮೇಲೆ ಇಟ್ಟು, ಟೋಪಿ ಮುಟ್ಟಿ ಹೋದರು. ವಾಟ್ ಮ್ಯಾನರ್ಸ್! ನಮ್ಮ ಕಾನ್ವೆಂಟಿನ ಮದರ್ ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಸಂಜೆ ಕೋಡುಬಳೆ ಕರಿದು, ನನ್ನ ಮದುವೆಯ ಸೆಟ್ಟಿನ ಡಬ್ಬದಲ್ಲಿ ತುಂಬಿ ಕೊಟ್ಟುಬಂದೆ.

ಎರಡು ದಿನ ಬಿಟ್ಟು ಡಬ್ಬ ವಾಪಸ್ ಬಂತು. ಒಳಗೆ ಊರಾಚೆಯ ಅವರ ತೋಟದಲ್ಲಿ ಬೆಳೆದು ಕೂಡಿಟ್ಟ ಸೇಬು, ಒಂದೊಂದನ್ನೂ ಒರೆಸಿ ಇಟ್ಟದ್ದು. ನಮ್ಮ ಊರಿನಲ್ಲಿ ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಈ ಬಿಳಿಯ ಮನುಷ್ಯನಿಗೆ ಅದು ಹೇಗೆ ಗೊತ್ತು ಅಂತ ನನಗೆ ಆಶ್ಚರ್ಯ. ಅವರ ತಾಯಿಯೂ ಹಾಗೇ ಮಾಡುತ್ತಿದ್ದರಂತೆ.

ಸೇಬು ತಿಂದಮೇಲೆ ನಾನು ಸುಮ್ಮನಿರಬಹುದಿತ್ತು. ಡಬ್ಬ ನನ್ನದೇ, ನನ್ನ ಮನೆಯಲ್ಲೇ ಇತ್ತು. ಆದರೆ ಕೋಡುಬಳೆಗೆ ಅಷ್ಟೊಂದು ಸೇಬು ಕೊಟ್ಟರಲ್ಲ ಎಂದು ಪಾಯಸ ಕಳಿಸಿದೆ. ಪಾಯಸಕ್ಕೆ ಆಪಲ್ ಪೈ ಬಂತು. ಪೈಗೆ ಪತ್ರೊಡೆ ಮಾಡಬೇಕೆನಿಸಿತು, ಲುಂಡ್‌ನಲ್ಲಿ ಕೆಸುವಿನೆಲೆ ಎಲ್ಲಿಂದ ತರುವುದು? ಮಗಳನ್ನು ಮಾಲ್ಮೋದ ಏಷ್ಯನ್ ಅಂಗಡಿಗೆ ಅಟ್ಟಿದೆ. ಅಲ್ಲೂ ಸಿಗಲಿಲ್ಲ. ಪಾಲಕ್ ಎಲೆಯಲ್ಲೇ ಸುತ್ತಿ ಬೇಯಿಸಿದೆ. ಅದಕ್ಕೆ ಉತ್ತರವಾಗಿ ಮೊಮ್ಮಗಳಿಗೊಂದು ಮರದ ಕುರ್ಚಿ ಬಂತು, ಕುರ್ಚಿಯ ಮೇಲೆ ಡಬ್ಬ, ಡಬ್ಬದಲ್ಲಿ ದಾಲ್ಚಿನ್ನಿ ಬನ್.

ಮಗಳು ಹಣೆ ಚಚ್ಚಿಕೊಂಡಳು. "ಎಂಥದ್ದಮ್ಮ ಇದು, ಕೋಲ್ಡ್ ವಾರಾ? ಅವರು ಕುರ್ಚಿ ಕೊಟ್ಟರು ಅಂತ ನೀನೀಗ ಮಂಚ ಕೊಡ್ತೀಯಾ?"

"ಸುಮ್ಮನಿರು ಮಾರಾಯ್ತಿ. ಸ್ವೆಟರ್ ಹೆಣೀತೇನೆ."

"ಯಾರಾದರೂ ಒಬ್ಬರು ನಿಲ್ಲಿಸಿ ಅಮ್ಮ!"

"ನಾನೇ ಯಾಕೆ ಮೊದಲು ನಿಲ್ಲಿಸಬೇಕು? ಅವರು ಏನು ತಿಳ್ಕೊಳ್ಳುವುದಿಲ್ಲ?"

ಸ್ವೆಟರಿನ ಅಳತೆಗೆಂದು ಅವರನ್ನು ಒಂದು ಮಧ್ಯಾಹ್ನ ಫೀಕಾಗೆ, ಅಂದರೆ ಅಲ್ಲಿನವರ ಕಾಫಿತಿಂಡಿಗೆ, ಕರೆದೆ. ಟೀವಿಯಲ್ಲಿ ಇರಾಕಿನ ಸುದ್ದಿ ಬರುತ್ತಿತ್ತು, ಇನ್ನಷ್ಟು ಸೈನಿಕರು ಹೊರಟಿದ್ದಾರೆಂದು. ಅವರು ಕಪ್ಪನ್ನು ಕೆಳಗಿಟ್ಟರು. ಆರಿಸಲೇ ಅಂದೆ. ಬೇಡ ಅಂದರು. ಅವತ್ತೇ ಕೇಳಿದ್ದು, ಅವರು ಸ್ವೀಡನ್ನಿಗೆ ಬಂದದ್ದು ಹೇಗೆಂದು. ಜರ್ಮನಿಯ ಅಮೆರಿಕನ್ ಕ್ಯಾಂಪಿನಲ್ಲಿ ಸಿಪಾಯಿಯಾಗಿದ್ದರಂತೆ. ವಿಯೆಟ್ನಾಮಿಗೆ ಹೊರಡುವ ಆರ್ಡರ್ ಬಂತು. ಇವರು ರಜೆಯಲ್ಲಿ ರೈಲು ಹತ್ತಿ, ಹಡಗು ದಾಟಿ, ಇಲ್ಲೇ ಉಳಿದುಬಿಟ್ಟರು. ಅಣ್ಣ ಆಗಲೇ ವಿಯೆಟ್ನಾಮಿನಲ್ಲಿದ್ದರು. ಕಾಲು ಕಳೆದುಕೊಂಡು ಮನೆಗೆ ಮರಳಿದ ಆ ಅಣ್ಣನಿಗೆ ತಮ್ಮ ಓಡಿಹೋದವನಾದ. ಕಾನೂನಿನ ತೊಡಕೆಲ್ಲ ಎಂದೋ ಬಗೆಹರಿದಿತ್ತು, ಅಣ್ಣನದು ಮಾತ್ರ ಬಗೆಹರಿದಿರಲಿಲ್ಲ.

ನಾನು ನನ್ನ ಕಥೆ ಹೇಳಿದೆ. ವಿಯೆಟ್ನಾಂ ಎಂಬ ಹೆಸರು ಮೊದಲು ಕೇಳಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ವಿಯೆಟ್ನಾಮಿನ ಉತ್ತರದಿಂದ ಕ್ರೈಸ್ತರು ಕಮ್ಯುನಿಸ್ಟರಿಗೆ ಹೆದರಿ ಹಡಗಿನಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದಾರೆಂದು ಸಿಸ್ಟರ್ ಕಣ್ಣೀರು ಹಾಕಿ, ನಮ್ಮನ್ನೆಲ್ಲ, ಹಿಂದೂ ಹುಡುಗಿಯರನ್ನೂ, ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸಿದ್ದರು. ಮುಂದೆ ಪಕ್ಕದ ಕೇರಳದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗಲಂತೂ ಬಸ್ಸು ಹತ್ತಿ ಬಂದೇಬಿಡುತ್ತಾರೆ ಎನ್ನುವಂತೆ ಗೇಟಿಗೆ ಹೊಸ ಬೀಗ ಬಿತ್ತು.

ಅವರು ನಕ್ಕರು. "ನಮ್ಮಮ್ಮನೂ ಪ್ರಾರ್ಥನೆ ಮಾಡಿದ್ದಳು ಮ್ಯಾಮ್. ಆ ಹಡಗಿನ ಜನರ ಮೇಲೆ ಅವಳಿಗೆ ನಿಜವಾದ ಕನಿಕರ. ಶುರುವಾದದ್ದು ಕನಿಕರದಿಂದಲೇ. ಕೆಟ್ಟವರು ಯಾರೂ ಕೂತು ಪ್ಲ್ಯಾನ್ ಮಾಡಿದ್ದಲ್ಲ."

"ಮತ್ತೆ ಹೇಗಾಯಿತು?"

"ಮೊದಲು ಫ್ರೆಂಚರಿಗೆ ಬರೀ ದುಡ್ಡು ಕೊಟ್ಟೆವು. ಫ್ರೆಂಚರು ಹೋದರು, ದುಡ್ಡಿನ ಹಿಂದೆ ಸಲಹೆಗಾರರು ಹೋದರು. ಸಲಹೆಗಾರರನ್ನು ಕಾಡಿಗೆ ಸಾಗಿಸುವುದಕ್ಕೆ ಹೆಲಿಕಾಪ್ಟರ್ ಹೋಯಿತು. ಆಮೇಲೆ ಬಾಂಬಿನ ವಿಮಾನ. ವಿಮಾನ ಇಳಿಯಲು ಜಾಗ ಬೇಕು, ಜಾಗ ಕಾಯಲು ಸೈನಿಕರು ಬೇಕು. ಬೇಲಿಯೊಳಗೆ ನಿಂತು ಎಷ್ಟು ದಿನ ಕಾಯುತ್ತಾರೆ? ಹೊರಗೆ ಹೋದರು. ಸತ್ತರು. ಸತ್ತವರ ಸಾವು ವ್ಯರ್ಥ ಆಗಬಾರದಲ್ಲ, ಇನ್ನಷ್ಟು ಜನ. ಪ್ರೆಸಿಡೆಂಟ್ ಬದಲಾದರು, ನಾನೇ ಯಾಕೆ ಮೊದಲು ನಿಲ್ಲಿಸಬೇಕು ಅಂತ ಒಬ್ಬೊಬ್ಬರಿಗೂ ಅನ್ನಿಸಿತು. ಆ ಇನ್ನಷ್ಟು ಜನರಲ್ಲಿ ನಮ್ಮಣ್ಣ ಒಬ್ಬ."

ನನ್ನ ಕೈಯಲ್ಲಿ ಅಳತೆಯ ಟೇಪಿತ್ತು. ಮಗಳಿಗೆ ನಾನು ಹೇಳಿದ್ದ ಮಾತು ಅವರ ಬಾಯಲ್ಲಿ ಬಂದಿತ್ತು. ಟೇಪನ್ನು ಸುತ್ತಿಟ್ಟೆ.

"ಡಿಯರ್ ಮಿ. ನಮ್ಮ ಡಬ್ಬದ ಹಾಗೆ," ಅಂದೆ.

ಅವರು ಡಬ್ಬ ನೋಡಿದರು, ಕುರ್ಚಿ ನೋಡಿದರು, ಗಡ್ಡ ಅಲುಗುವಂತೆ ನಕ್ಕರು. "ನಿಮ್ಮ ಡಬ್ಬದಲ್ಲಿ ಪಾಯಸ ಬರುತ್ತದೆ ಮ್ಯಾಮ್."

ಆಮೇಲೆ, ಅತ್ತಿಗೆ ಫೋನ್ ಮಾಡಿ ಅಣ್ಣನ ಸ್ಥಿತಿ ತಿಳಿಸಿದ್ದಾಳೆ ಎಂದರು. ಹೆಚ್ಚು ದಿನವಿಲ್ಲವಂತೆ. "ಅವನು ನನ್ನನ್ನು ಕೇಳಿಲ್ಲ. ಕರೆಯದವನ ಹತ್ತಿರ ಹೋಗಿ ಏನು ಹೇಳಲಿ? ಸಾರಿ ಅನ್ನಲೇ? ನನಗೆ ಹಾಗೆ ಅನ್ನಿಸಿಲ್ಲ. ಆ ರೈಲನ್ನು ಇವತ್ತೂ ಹತ್ತುತ್ತೇನೆ."

"ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾತಾಡಿಲ್ಲವೇ?"

"ಅಮ್ಮ ಸತ್ತಾಗ ಅವನೇ ಫೋನ್ ಮಾಡಿದ್ದ. ಅಮ್ಮ ಹೋದಳು, ನಿನಗೆ ತಿಳಿಸಬೇಕು ಅನ್ನಿಸಿತು ಅಂದ. ಥ್ಯಾಂಕ್ಸ್ ಅಂದೆ, ಇಟ್ಟೆ."

"ಆಮೇಲೆ?"

"ಆಮೇಲೆ ಏನಿಲ್ಲ."

ಬೇರೆಯವರ ಮನೆಯ ಮಾತಿನಲ್ಲಿ ಮೂಗು ತೂರಿಸಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಆದರೂ ಅಂದುಬಿಟ್ಟೆ, "ಹಾಗಾದರೆ ನಿಮ್ಮಣ್ಣನ ಡಬ್ಬ ನಿಮ್ಮ ಮನೆಯಲ್ಲೇ ಇದೆಯಲ್ಲ. ತಾಯಿಯ ಸುದ್ದಿ ಹಾಕಿ ಕಳಿಸಿದ್ದು."

ಅವರು ಕಪ್ಪನ್ನು ದೂರ ಸರಿಸಿದರು. ಕಾಫಿ ಪೂರ್ತಿ ತಣ್ಣಗಾಗಿತ್ತು. ಎದ್ದು ಹೋದರು. ಡಬ್ಬ ಮೇಜಿನ ಮೇಲೇ ಉಳಿಯಿತು. ಅತಿಯಾಯಿತು ನಿನ್ನದು ಎಂದು ನನಗೆ ನಾನೇ ಬೈದುಕೊಂಡೆ.

ಮಾರನೆಯ ಸಂಜೆ ಬಾಗಿಲು ತಟ್ಟಿದರು. ಕೈ ಖಾಲಿ. "ಸಾರಿ ಅನ್ನಲಿಲ್ಲ," ಅಂದರು ಒಳಗೆ ಬರುವ ಮೊದಲೇ. "ಅವನೂ ಕೇಳಲಿಲ್ಲ. ಅಲ್ಲಿ ಹಿಮ ಎಷ್ಟಿದೆ ಅಂದೆ. ಸೊಂಟದವರೆಗೆ ಅಂದ. ನಿನ್ನ ಹತ್ತಿರ ಎಷ್ಟು ಅಂದ. ಪಾದದವರೆಗೆ ಅಂದೆ. ಅದಕ್ಕೇ ಅಲ್ಲಿ ಉಳಿದೆಯಾ ಸೋಮಾರಿ ಅಂದ." ಹೇಳುತ್ತಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಅರ್ಧ ಗಂಟೆ ಹಿಮದ ಮಾತೇ ಆಡಿದೆವು. ಕೊನೆಗೆ, ಬರುವುದಾದರೆ ಬೇಗ ಬಾ ಅಂದ."

ಅವರು ಹೊರಟ ದಿನ ಡಬ್ಬದ ತುಂಬ ಕೋಡುಬಳೆ ಕೊಟ್ಟೆ. ವಿಮಾನದಲ್ಲಿ ಕೆಡದ ತಿಂಡಿ. ಮಗಳು, "ಈಗ ಮೂರನೇ ದೇಶವನ್ನೂ ಎಳೆದುಹಾಕಿದೆಯಲ್ಲ ಅಮ್ಮ" ಎಂದು ಛೇಡಿಸಿದಳು.

ತಿಂಗಳ ಮೇಲೆ ವಾಪಸ್ ಬಂದರು, ಸೊರಗಿ, ಆದರೆ ಹಗುರಾಗಿ. ಅಣ್ಣ ಇನ್ನೂ ಇದ್ದರು. ಯುದ್ಧದ ವಿಷಯ ಒಂದೇ ಒಂದು ಸಲ ಬಂತಂತೆ. ನೀನು ತಪ್ಪು ಮಾಡಿದೆ ಎಂದು ಅಣ್ಣ, ಇಲ್ಲ ಎಂದು ಇವರು. ಬಳಿಕ ಇಬ್ಬರೂ ಕೋಡುಬಳೆ ಮುರಿದುಕೊಂಡು ಟೀವಿ ನೋಡಿದರಂತೆ.

"ಡಬ್ಬ?" ಅಂದೆ.

"ಅಲ್ಲೇ ಇದೆ ಮ್ಯಾಮ್. ಖಾಲಿ ಕೊಡಬಾರದು ಅಂತ ಹೇಳಿದೆ. ಅವನಿಗೆ ಅಡುಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಬಂದು ತೆಗೆದುಕೊಂಡು ಹೋಗು, ಅಷ್ಟರಲ್ಲಿ ಏನಾದರೂ ಕಲಿಯುತ್ತೇನೆ ಅಂದಿದ್ದಾನೆ."

ಏಪ್ರಿಲ್‌ಗೆ ನನ್ನ ವೀಸಾ ಮುಗಿದು ನಾನು ಊರಿಗೆ ಬಂದೆ. ನನ್ನ ಮದುವೆಯ ಸೆಟ್ಟು ಈಗ ಒಂದು ಡಬ್ಬ ಕಡಿಮೆ. ವಾಪಸ್ ಕೇಳಿಲ್ಲ.