ಒಂದು ತಲೆಗೆ ಒಂದೇ ಪೇಟ

ಅವರ ಬಲಗಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು, ಬೀಡಿ ಸಿಕ್ಕಿಸಿಕೊಂಡವರ ಹಾಗೆ. ನಿವೃತ್ತರಾಗಿ ವರ್ಷಗಳಾಗಿದ್ದರೂ ಕಿವಿಯ ಅಂಚು ಬೆಳ್ಳಗೇ ಇತ್ತು. ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ಅವರನ್ನು ಎಲ್ಲರೂ ಇಂಗ್ಲಿಷ್ ಮೇಷ್ಟ್ರು ಎನ್ನುತ್ತಿದ್ದರು.

ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದೆ. ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಅಪ್ಪ, "ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಕೂತ್ಕೋ. ಆಗಲಿಲ್ಲ ಅಂದ್ರೆ ಓದು ಸಾಕು, ಮದುವೆ ಮಾಡ್ತೀನಿ" ಎಂದಿದ್ದರು. ಪ್ರತಿ ಭಾನುವಾರ ರೈಲಿನಲ್ಲಿ ನನ್ನನ್ನು ಕೋಟೆಗೆ ಕರೆತಂದು, ಪಾಠ ಮುಗಿಯುವವರೆಗೆ ಜಗಲಿಯ ಮೇಲೆ ಕೂರುತ್ತಿದ್ದರು.

ನನ್ನ ಕಷ್ಟವೆಲ್ಲ ನಾಮಪದದ ಮುಂದೆ ಬರುವ ಪುಟ್ಟ ಮಾತುಗಳದ್ದು: 'ಎ', 'ದಿ', 'ಸಮ್', 'ಮೈ'. ಬಿಟ್ಟರೆ ತಪ್ಪಾದೀತೆಂದು ಹೆದರಿ ಎಲ್ಲ ಕಡೆಯೂ 'ದಿ' ಹಾಕುತ್ತಿದ್ದೆ. 'ದಿ ಮೈ ಫಾದರ್' ಎಂದು ಬರೆದದ್ದನ್ನು ನೋಡಿ ಮೇಷ್ಟ್ರು ಜಗಲಿಯ ಕಡೆ ತಿರುಗಿದರು.

"ನೋಡಿ ಸ್ವಾಮಿ, ನಿಮ್ಮ ಮಗಳು ನಿಮಗೆ ಎರಡು ಪೇಟ ಸುತ್ತಿದಾಳೆ. ಒಂದು ತಲೆಗೆ ಒಂದೇ ಪೇಟ ಮಾರಾಯ್ತಿ! 'ಮೈ' ಬಂತೋ, 'ದಿ' ಇಳೀಬೇಕು."

ಅವರ ಪಾಠ ಅಡುಗೆಮನೆಯ ಬಾಗಿಲಲ್ಲಿ ನಡೆಯುತ್ತಿತ್ತು. ನೀರಿಗಾಗಿ ನಾನು 'ಎ ಟಂಬ್ಲರ್' ಎಂದರೆ ಅವರು ಯಾವ ಲೋಟ ತಂದರೂ ಸರಿ; 'ದಿ ಟಂಬ್ಲರ್' ಎಂದರೆ ಈಗಷ್ಟೇ ತಂದಿದ್ದ ಅದೇ ಲೋಟ. ನಾನು ಬರೀ 'ಟಂಬ್ಲರ್' ಎಂದು ಕೇಳಿದರೆ ಕೈಕಟ್ಟಿ ಕೂತುಬಿಡುವರು.

"ಮನೇಲಿ ಲೋಟ ತಾ ಅಂದ್ರೆ ಯಾವ್ದು ಅಂತ ಗೊತ್ತಾಗುತ್ತೆ. ಇಂಗ್ಲಿಷಿನವನು ಹೊರಗಿನವನು, ಅವನಿಗೆ ಬಿಡಿಸಿ ಹೇಳ್ಬೇಕು."

"ಒಂದು ಲೋಟ ನೀರಿಗೆ ಇಷ್ಟು ಪಂಚಾಯ್ತಿನಾ? ಹುಡುಗಿ ಬಾಯಾರಿ ಸಾಯ್ತಾಳೆ ಅಷ್ಟೆ" ಎಂದು ಅವರ ಹೆಂಡತಿ ಒಲೆಯ ಮುಂದಿನಿಂದಲೇ ಕೂಗುವರು.

ಪರೀಕ್ಷೆ ಹತ್ತಿರವಾದಾಗ ಅಪ್ಪ, "ಮುಂದಿನ ವಾರ ಬರೋಕಾಗಲ್ಲ ಮೇಷ್ಟ್ರೆ. ಒಳ್ಳೆ ಸಂಬಂಧ ಬಂದಿದೆ, ಹೆಣ್ಣು ನೋಡೋಕೆ ಬರ್ತಿದಾರೆ" ಎಂದರು. ಮಂಡಿನೋವಿನಿಂದ ತಮ್ಮ ಬೀದಿಯನ್ನೇ ದಾಟದಿದ್ದ ಮೇಷ್ಟ್ರು ಆ ಭಾನುವಾರ ಭದ್ರಾವತಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದರು. ಗಂಡಿನ ಕಡೆಯವರು ಹಜಾರದಲ್ಲಿ ಕೂತಿದ್ದಂತೆಯೇ ಒಳಗೆ ನನಗೆ 'ಸಮ್', 'ಎನಿ' ಪಾಠ ಶುರುವಾಯಿತು.

ಕಾದು ಬೇಸತ್ತ ಗಂಡಿನ ತಂದೆ ಕೇಳಿದರು, "ಇನ್ನೂ ಎಷ್ಟು ಹೊತ್ತು ಸ್ವಾಮಿ?"

"ಪರೀಕ್ಷೆ ಮುಗಿಯೋವರೆಗೂ" ಎಂದರು ಮೇಷ್ಟ್ರು.

ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಎದ್ದುಹೋದರು. ಅಪ್ಪ ಸಿಡುಕುತ್ತಾರೆಂದುಕೊಂಡಿದ್ದೆ. ಮೇಷ್ಟ್ರನ್ನು ರೈಲು ಹತ್ತಿಸಿ ಬಂದು, "ಮೊದಲು ಪಾಸಾಗು" ಎಂದಷ್ಟೇ ಹೇಳಿದರು.

ಪಾಸಾದೆ. ಮುಂದಿನ ಕಾಲೇಜು, ಮೈಸೂರಿನ ಬಿ.ಎ., ಭದ್ರಾವತಿಯಲ್ಲೇ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುವ ಈಗಿನ ಕೆಲಸ, ಎಲ್ಲವೂ ಆ ಭಾನುವಾರದಿಂದ ಬಂದದ್ದು. ಮೇಷ್ಟ್ರ ಎದುರು ಇದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅಂಥ ಮಾತು ನನಗೆ ಸುಲಭವಾಗಿ ಬರುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಅಂತ್ಯದರ್ಶನಕ್ಕೆ ಕೋಟೆಗೆ ಹೋಗಿ ಬಂದೆ. ನನ್ನ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಫೇಲಾಗಿ, ಮನೆಯವರು ಬೇಡವೆಂದದ್ದಕ್ಕೆ ಶಾಲೆ ಬಿಟ್ಟಿದ್ದಳು. ಕರೆಯದೆ ಯಾರ ಮನೆಗೂ ಹೋದವಳಲ್ಲ ನಾನು. ಕೋಟೆಯಿಂದ ಬಂದ ಮರುದಿನ ಬೆಳಿಗ್ಗೆ ಅವಳ ಮನೆ ಹುಡುಕಿಕೊಂಡು ಹೋಗಿ ಅವಳ ಅಪ್ಪನ ಎದುರು ಕೂತೆ.