ಗಾಜು ಹೊಕ್ಕಿದ್ದು ತಿಳಿಯದ ಕಾಲು

ಸಗಣಿ ಸಾರಿಸಿದ ಕಣದ ಮೇಲೆ ಅಲ್ಲಲ್ಲಿ ರಕ್ತ ಬಿದ್ದಿತ್ತು. ಅದನ್ನು ಮೊದಲು ಕಂಡವರು ನಮ್ಮ ಚಿಕ್ಕಪ್ಪ. "ಯಾರ್ಲಾ ಅದು ಕಾಲ್ ಕುಯ್ಕಂಡೋನು? ಬಾಯ್ಬುಟ್ಟು ಹೇಳ್ಬಾರ್ದೇನ್ಲಾ" ಎಂದು ನಮ್ಮನ್ನೆಲ್ಲ ಗದರುತ್ತಾ ರಾಗಿ ರಾಶಿಯ ಸುತ್ತ ಬಂದರು. ಅವರು ಹೆಜ್ಜೆ ಇಟ್ಟಲ್ಲೆಲ್ಲ ಹೊಸ ಕಲೆ ಮೂಡುತ್ತಿತ್ತು. ಕೂರಿಸಿ ಪಾದ ಎತ್ತಿ ನೋಡಿದೆ. ಹಿಮ್ಮಡಿಯಲ್ಲಿ ಗಾಜಿನ ಚೂರು ಆಳಕ್ಕೆ ಇಳಿದಿತ್ತು. ಅವರ ಮುಖದಲ್ಲಿ ನೋವೇ ಇರಲಿಲ್ಲ.

ನಮ್ಮಲ್ಲಿ ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೂ ಚಿಕ್ಕಪ್ಪ ಆ ಪದ್ಧತಿ ಬಿಟ್ಟಿರಲಿಲ್ಲ. ಕಾಲಿಗೆ ಬಟ್ಟೆ ಸುತ್ತಿ, ಬೈಕಿನಲ್ಲಿ ಸಿ.ಎಸ್. ಪುರದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಗಾಜು ತೆಗೆದು ಗಾಯ ತೊಳೆದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೇಳಬೇಕೆಂದು ತಿಳಿಸಿ, ತೆಳುವಾದ ನೈಲಾನ್ ಎಳೆಯೊಂದನ್ನು ಅವರ ಅಂಗಾಲಿಗೆ ಒತ್ತುತ್ತಾ ಹೋದರು. ಎರಡೂ ಪಾದ ಮುಗಿದವು. ಚಿಕ್ಕಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ, "ಮುಟ್ಟಿ ಮೇಡಮ್ಮೋರೇ, ಹೇಳ್ತೀನಿ" ಎಂದರು.

"ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದೆ. ಇವತ್ತೇ ಬಂದಿದ್ದು ಒಳ್ಳೇದಾಯ್ತು, ಇಲ್ಲೇ ವಾಸಿ ಮಾಡ್ಬೋದು. ಕೀವಾಗೋವರ್ಗೂ ಬಿಟ್ಟಿದ್ರೆ ತುಮಕೂರಿಗೆ ಕಳಿಸ್ಬೇಕಿತ್ತು. ಕಾಲು ಉಳೀತಿತ್ತೋ ಇಲ್ವೋ" ಎಂದರು ಡಾಕ್ಟರು. ಅವರು ಹೇಳಿದಂತೆ ಗುಬ್ಬಿಯಲ್ಲಿ ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸಿಕೊಂಡು ಬಂದೆವು.

ಗಾಯ ಮಾಯಿತು. ಈಗ ಸಂಜೆಯಾದರೆ ಚಿಕ್ಕಮ್ಮ ಅವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಟಾರ್ಚ್ ಬಿಟ್ಟು ಬೆರಳ ಸಂದಿಗಳನ್ನೆಲ್ಲ ನೋಡುತ್ತಾರೆ. ಚಿಕ್ಕಪ್ಪ ನಾಚಿಕೊಂಡು ಕಾಲು ಹಿಂದಕ್ಕೆ ಎಳೆದರೆ, "ನಿಮ್ಗೆ ನೋವ್ ಗೊತ್ತಾಗಲ್ವಲ್ಲ, ನಾನಾದ್ರೂ ನೋಡ್ಬೇಕು. ಸುಮ್ಕಿರಿ" ಎನ್ನುತ್ತಾರೆ.